ಒಂದೇ ಮನೆಯ ಎರಡು ಮೀನಖಂಡ

"ಯಾರದು ಕಲ್ಲು ಹೊಡೆದದ್ದು?"

ಓಡುತ್ತಿದ್ದ ಜಲಜ ತಟ್ಟನೆ ನಿಂತು, ಹಿಂದಕ್ಕೆ ತಿರುಗಿ ಕೇಳಿದಳು. ಹಿಂದೆ ಯಾರಿದ್ದರು ಹೊಡೆಯಲು? ಅವಳ ಜೊತೆ ಹೊರಟ ಹುಡುಗಿಯರು ಇನ್ನೂ ಮೈದಾನದ ಅರ್ಧದಲ್ಲೇ ಏದುಸಿರು ಬಿಡುತ್ತಿದ್ದರು. ಇವಳು ಇನ್ನೊಂದು ಹೆಜ್ಜೆ ಇಡಲು ನೋಡಿದಳು. ಆಗಲಿಲ್ಲ. ಎಡಗಾಲಿನ ಮೀನಖಂಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಂಪು ಮಣ್ಣಿನ ಮೇಲೆ ಕುಳಿತುಬಿಟ್ಟಳು.

ಜಲಜ ನನ್ನ ಅಕ್ಕನ ಮಗಳು. ಬಲ್ಮಠದ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಾಳೆ. (ಓದುತ್ತಿದ್ದಳು ಎನ್ನಬೇಕೋ ಏನೋ.) ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಶಾಲೆ ಬಿಟ್ಟ ಮೇಲೆ ಆ ಮೈದಾನದ ಅಂಚಿನಲ್ಲಿ ಛತ್ರಿ ಹಿಡಿದು ಕೂರುವುದು ನನ್ನ ಎರಡನೆಯ ಉದ್ಯೋಗ. ನಾನು ಕಾವಲಿದ್ದರೆ ಮಾತ್ರ ಜಲಜ ಓಡಬಹುದು ಎಂಬುದು ಮನೆಯ ಕಾನೂನು. ಅದನ್ನೂ ಮನೆಯಲ್ಲಿ ಓಟ ಎನ್ನುವಂತಿಲ್ಲ. 'ಡ್ರಿಲ್' ಎನ್ನಬೇಕು.

ಕಲ್ಲೂ ಇಲ್ಲ, ಹೊಡೆದವರೂ ಇಲ್ಲ. ಓಡುವಾಗ ಮೀನಖಂಡದ ಮಾಂಸ ಹರಿದರೆ ಹಾಗೆಯೇ ಅನಿಸುವುದಂತೆ, ಯಾರೋ ಹಿಂದಿನಿಂದ ಗುರಿಯಿಟ್ಟು ಹೊಡೆದ ಹಾಗೆ. ನನಗೆ ಹೇಗೆ ಗೊತ್ತು? ಕಳೆದ ವರ್ಷ ಜಲಜಳ ಅಣ್ಣ ಸಂಜೀವನೂ ಇದೇ ಪ್ರಶ್ನೆ ಕೇಳಿದ್ದ. ಅವನು ಕೇಳಿದ್ದು ಕಂಬಳದ ಗದ್ದೆಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಇಲ್ಲಿ ಅಚ್ಚು ಹಾಕಲಾಗದ ಭಾಷೆಯಲ್ಲಿ.

ವಾಮಂಜೂರಿನಲ್ಲಿ ನಮ್ಮ ಗದ್ದೆಗಳಿವೆ. ಅಲ್ಲಿಯ ಕೊಟ್ಟಿಗೆಯಲ್ಲಿ ಓಟದ ಕೋಣಗಳ ಒಂದು ಜೋಡಿ ಇದೆ. ಆ ಕೋಣಗಳ ಹಿಂದೆ ಓಡುವವನು ಸಂಜೀವ. ಓಡಿದರೆ ಗಾಳಿ. ಅವತ್ತು ಅರ್ಧ ಗದ್ದೆಯಲ್ಲಿ ಹಗ್ಗ ಬಿಟ್ಟು ಬಿದ್ದ. ಕೋಣಗಳು ತಮ್ಮಷ್ಟಕ್ಕೆ ಗುರಿ ಮುಟ್ಟಿದವು. ಜನರು ಮಾತ್ರ ಕೋಣಗಳ ಕಡೆ ನೋಡಲಿಲ್ಲ. ನಾಲ್ಕು ಜನ ಸಂಜೀವನನ್ನು ಹೆಗಲ ಮೇಲೆ ಹೊತ್ತು ತಂದರು. ಮನೆಯ ಯಜಮಾನನಾದ ನನ್ನ ಅಣ್ಣ ಪರಿಚಯದವರ ಕಾರು ತರಿಸಿದ. ಪೆಟ್ರೋಲಿಗೆ ಚೀಟಿ ಬೇಕಾದ ಈ ಯುದ್ಧದ ದಿನಗಳಲ್ಲಿ ಕಾರು! ನೇರವಾಗಿ ಪೇಟೆಯ ಆಸ್ಪತ್ರೆಗೆ.

ಅಲ್ಲಿ ಇದ್ದಳು ಸೆರಾಫಿನ್ ಬಾಯಿ. ಮದ್ರಾಸಿನಲ್ಲಿ ಮಸಾಜ್ ಮತ್ತು ವ್ಯಾಯಾಮ ಚಿಕಿತ್ಸೆಯ ತರಬೇತಿ ಪಡೆದು ಬಂದ ನರ್ಸ್. ಗಟ್ಟಿ ಕೈ, ಗಟ್ಟಿ ಬಾಯಿ. ಸಂಜೀವನ ಚಿಕಿತ್ಸೆಯ ಉದ್ದಕ್ಕೂ ನಾನು ಜೊತೆಗಿದ್ದೆ. ಮೊದಲ ಕೆಲವು ದಿನ ತಣ್ಣೀರಿನ ಬಟ್ಟೆ, ದಿಂಬಿನ ಮೇಲೆ ಎತ್ತಿಟ್ಟ ಕಾಲು, ಅಷ್ಟೇ. ಬಿಸಿ ಮುಟ್ಟಿಸಬಾರದು, ತಿಕ್ಕಬಾರದು. ಹರಿದ ಜಾಗದಲ್ಲಿ ಒಳಗೇ ರಕ್ತ ಸುರಿದಿರುತ್ತದೆ, ತಿಕ್ಕಿದರೆ ಹೆಚ್ಚುತ್ತದೆ. ಆಮೇಲೆ ಅಂಟುಪಟ್ಟಿಯ ಬಿಗಿ. ಚಪ್ಪಲಿಯ ಹಿಮ್ಮಡಿಗೆ ಒಂದು ಚರ್ಮದ ತುಂಡು, ಮಾಂಸಕ್ಕೆ ಎಳೆತ ಬೀಳದಿರಲೆಂದು. ಊತ ಇಳಿದ ಮೇಲೆ ಹಗುರವಾಗಿ, ಪಾದದಿಂದ ಮೊಣಕಾಲಿನ ಕಡೆಗೆ ಮಸಾಜ್. ಬ್ಯಾಟರಿ ಪೆಟ್ಟಿಗೆಯಿಂದ ಸಣ್ಣ ಸಣ್ಣ ಕರೆಂಟು. ಕಡೆಗೆ ತುದಿಗಾಲಿನಲ್ಲಿ ನಿಲ್ಲುವುದು, ಹಾರುವುದು, ಮೆಲ್ಲಗೆ ಓಡುವುದು.

ಅಣ್ಣ ದಿನಾ ಬಂದು ಮಂಚದ ಬಳಿ ಕೂರುತ್ತಿದ್ದ. ನೋಡಲು ಬಂದವರು ಎಳನೀರು ತರುತ್ತಿದ್ದರು. ಅವರಿಗೆಲ್ಲ ಸಂಜೀವ ಪಟ್ಟಿ ಸುತ್ತಿದ ಕಾಲು ತೋರಿಸುತ್ತಿದ್ದ, ಪದಕ ತೋರಿಸಿದ ಹಾಗೆ. ಮುಂದಿನ ಋತುವಿನಲ್ಲಿ ಪುನಃ ಓಡಿದ. ಗೆದ್ದ.

ಹಾಗಾಗಿ ಜಲಜ ಕುಳಿತಾಗ ನನಗೆ ಭಯವಾಗಲಿಲ್ಲ. ದಾರಿ ಗೊತ್ತಿತ್ತಲ್ಲ! ಮುಂದಿನ ತಿಂಗಳು ಊರಿನಲ್ಲೇ ಓಟದ ಪಂದ್ಯವಿತ್ತು. ಅದರಲ್ಲಿ ಗೆದ್ದ ಹುಡುಗಿಗೆ ಮದ್ರಾಸಿನಲ್ಲಿ ಓಡುವ ಅವಕಾಶ. ರೈಲಿನಲ್ಲಿ ಕಾಸರಗೋಡು ದಾಟದ ಜಲಜ ಆಗಲೇ ಮದ್ರಾಸಿನ ಕಡಲು ನಮ್ಮ ಕಡಲಿಗಿಂತ ದೊಡ್ಡದೋ ಎಂದು ನನ್ನನ್ನು ಕೇಳಿಯಾಗಿತ್ತು. ಒಂದು ಜಟಕಾ ಹಿಡಿದು ಅವಳನ್ನು ಮನೆಗೆ ತಂದೆ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಅಳಿಯಕಟ್ಟಿನವರು. ಮನೆ ತಾಯಿಯಿಂದ ಮಗಳಿಗೆ, ಗದ್ದೆ ತಾಯಿಯಿಂದ ಮಗಳಿಗೆ. ಪರವೂರಿನ ಪಂಡಿತರು ಬಂದು ಇದನ್ನು ಕೊಂಡಾಡಿ ಭಾಷಣ ಮಾಡಿ ಹೋಗುತ್ತಾರೆ. ನಡೆಸುವ ಯಜಮಾನ ಮಾತ್ರ ಅಣ್ಣ. ಅಂದರೆ ನನಗೂ ಅಕ್ಕನಿಗೂ ಅಣ್ಣ, ಮಕ್ಕಳಿಗೆ ಮಾವ. ಭಾವ ತೀರಿಹೋಗಿ ವರ್ಷಗಳಾದವು. ಮಕ್ಕಳಿಬ್ಬರನ್ನೂ ಎತ್ತಿ ಆಡಿಸಿದವನು ಅಣ್ಣನೇ. ಅವನೇನು ರಾಕ್ಷಸನಲ್ಲ. ಬಂದರಿನಲ್ಲಿ ಅಕ್ಕಿ ಅಂಗಡಿ ಇಟ್ಟುಕೊಂಡು ನಾಲ್ಕು ಜನರ ಬಾಯಿಗೆ ಹೆದರಿ ಬದುಕುವ ಮರ್ಯಾದಸ್ಥ. (ಮರ್ಯಾದಸ್ಥರ ಮನೆಯಲ್ಲಿ ಹುಟ್ಟಿದವರಿಗೆ ಅದರ ಭಾರ ಗೊತ್ತು.)

ಜಲಜಳನ್ನು ಕಂಡವನು ಮೊದಲು ಕೇಳಿದ್ದು, "ಯಾರೆಲ್ಲ ನೋಡಿದ್ರು?"

ಮಾತು ನಡೆದದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ಬೈಗುಳಗಳನ್ನು ತಂದಿಲ್ಲ.

"ನೋಡಿದವರ ವಿಷಯ ಬಿಡು. ಸೆರಾಫಿನ್ ಬಾಯಿಯನ್ನು ಕರೆಸುವ," ಎಂದೆ.

"ಎಂತ, ಮರುಳಾ ನಿನಗೆ? ಆ ಹೆಂಗಸು ಮನೆಗೆ ಬಂದ್ರೆ ಊರಿಗೇ ಗೊತ್ತಾಗ್ತದೆ. ಬಚ್ಚಲಲ್ಲಿ ಜಾರಿದ್ದು ಅಂತ ಹೇಳಿ. ಎರಡು ದಿನ ಎಣ್ಣೆ ತಿಕ್ಕಿದ್ರೆ ಹೋಗ್ತದೆ."

ಅಕ್ಕ ಎಣ್ಣೆ ಬಿಸಿ ಮಾಡಿಯೇ ಬಿಟ್ಟಿದ್ದಳು. ಬೇಡ ಬೇಡ ಎಂದು ನಾನು ಕೈ ಹಿಡಿದೆ. ಕೆಲಸದಿಂದ ಬಂದ ಸಂಜೀವನೂ ಹೇಳಿದ, "ಅಮ್ಮ, ಈಗ ತಿಕ್ಕಬಾರದು. ನನಗೆ ಆಸ್ಪತ್ರೆಯಲ್ಲಿ ತಿಕ್ಕಲಿಲ್ಲ."

"ನೀನು ಗಂಡು. ನಿನಗೆ ಆಸ್ಪತ್ರೆ ಉಂಟು. ನನ್ನ ಮಗಳಿಗೆ ನನ್ನ ಕೈ ಮಾತ್ರ ಇರುವುದು," ಎಂದು ಅಕ್ಕ ಅಳುತ್ತ ತಿಕ್ಕಿದಳು. ಪ್ರೀತಿಯಿಂದಲೇ ತಿಕ್ಕಿದಳು. ಜಲಜ ಸೆರಗು ಕಚ್ಚಿಕೊಂಡಿದ್ದಳು. ಬೆಳಿಗ್ಗೆ ನೋಡಿದರೆ ಕಾಲು ಕುಂಬಳಕಾಯಿ. ಬಣ್ಣ ನೇರಳೆ ಹಣ್ಣಿನದು.

ನಾನು ಶಾಲೆಗೆ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಸೆರಾಫಿನ್ ಬಾಯಿ ನನ್ನ ವಿವರಣೆಯನ್ನೆಲ್ಲ ಕೇಳಿದಳು.

"ಸರಿ ಟೀಚರ್. ಕಾಲು ಎಲ್ಲಿ?"

"ಮನೆಯಲ್ಲಿ."

"ನೀವು ಇಲ್ಲಿ, ಕಾಲು ಅಲ್ಲಿ. ನಾನು ಮಸಾಜ್ ಯಾರಿಗೆ ಮಾಡ್ಲಿ?"

ಮರುದಿನ ಅಣ್ಣ ಅಂಗಡಿಗೆ ಹೋದ ಮೇಲೆ ಕಾಲನ್ನು, ಅಂದರೆ ಜಲಜಳನ್ನು, ಕರೆದುಕೊಂಡು ಹೋದೆ. ಸೆರಾಫಿನ್ ಬೆರಳ ತುದಿಯಿಂದ ಮೀನಖಂಡವನ್ನು ತಡವಿ ನೋಡಿದಳು. ಒಂದು ಕಡೆ ಬೆರಳು ನಿಂತಿತು. ತನ್ನ ಅಂಗೈಯನ್ನು ಜಲಜಳ ಪಾದಕ್ಕೆ ಕೊಟ್ಟು, ಒತ್ತು ಎಂದಳು. ಜಲಜ ಹಲ್ಲು ಕಚ್ಚಿ ಒತ್ತಿದಳು.

"ದೇವರು ದೊಡ್ಡವನು, ಪೂರ್ತಿ ಹರಿಯಲಿಲ್ಲ. ಆದ್ರೆ ಈ ಬಿಸಿ ಎಣ್ಣೆಯ ಬುದ್ಧಿ ಯಾರದ್ದು?"



"ಮುಂದಿನ ತಿಂಗಳು ಪಂದ್ಯ ಉಂಟು ಬಾಯಿ. ಆಗ್ತದಾ?" ಜಲಜ ಕೇಳಿದಳು.

"ಈ ಸಲ ಆಸೆ ಇಡಬೇಡ ಮಗಾ. ಸುಳ್ಳು ನಾನು ಹೇಳುದಿಲ್ಲ. ಆದ್ರೆ ದಿನಾ ಬಂದ್ರೆ, ನಾನು ಹೇಳಿದ ಹಾಗೆ ಮಾಡಿದ್ರೆ, ಬರುವ ವರ್ಷ ನೀನು ಓಡದಿದ್ರೆ ಕೇಳು. ಪ್ರಾಯ ಉಂಟಲ್ಲ ನಿನಗೆ!"

ಪಟ್ಟಿ ಬಿಗಿದಳು. ಚಪ್ಪಲಿಗೆ ಚರ್ಮ ಹಾಕಿಸಿ ಕೊಟ್ಟಳು. ಮನೆಗೆ ಬರುವಾಗ ಜಟಕಾದಲ್ಲಿ ಜಲಜ ಒಂದೇ ಮಾತು ಆಡಿದಳು: "ಬರುವ ವರ್ಷವಾದರೂ ಮದ್ರಾಸು ಅಲ್ಲೇ ಇರ್ತದಲ್ಲ ಚಿಕ್ಕಮ್ಮ."

ಅಣ್ಣ ಅಂಗಳದಲ್ಲಿ ನಿಂತಿದ್ದ. ಅಂಗಡಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. (ನಮ್ಮ ಊರಿನಲ್ಲಿ ತಂತಿ ಕಚೇರಿ ಯಾಕೆ ಬೇಕು?) ಸೀರೆಯ ಅಂಚಿನ ಕೆಳಗೆ ಪಟ್ಟಿ ಕಾಣುತ್ತಿತ್ತು.

"ನಾಳೆಯಿಂದ ಬೇಡ," ಎಂದ.

"ಸಂಜೀವನಿಗೆ ನೀನೇ ಮಾಡಿಸಿದ್ದಲ್ಲವಾ?"

"ಅವನ ಕಾಲು ಊರು ನೋಡಿದ್ರೆ ನಮಗೆ ಮರ್ಯಾದೆ. ಇವಳ ಕಾಲು ಊರು ನೋಡಿದ್ರೆ? ಹುಡುಗಿಗೆ ಕಾಲಿನ ಊನ ಉಂಟು ಅಂತ ಒಂದು ಸಲ ಬಾಯಿಗೆ ಬಿದ್ದರೆ ಮತ್ತೆ ಯಾರು ಬರ್ತಾರೆ? ನೀನು ಬರ್ತೀಯಾ ಹುಡುಗ ಹುಡುಕ್ಲಿಕ್ಕೆ?"

"ಮಾವ, ಅವಳದ್ದೂ ಅದೇ ನೋವು. ಅಷ್ಟೇ ಇರ್ತದೆ," ಎಂದ ಸಂಜೀವ ಒಳಗಿನಿಂದ.

"ನೀನು ಹೋಗಿ ಕೋಣ ನೋಡ್ಕೋ ಮಾರಾಯ."

ಸಂಜೀವ ಹೋದ. ಕೋಣ ನೋಡಿಕೊಂಡ.

ಅಲ್ಲಿಗೆ ಆಸ್ಪತ್ರೆ ನಿಂತಿತು. ಕಾಲೇಜೂ ನಿಂತಿತು. ಕುಂಟುತ್ತ ಹೋದರೆ ಜನ ಕೇಳುತ್ತಾರಲ್ಲ! ಆಸ್ತಿ ಹೆಣ್ಣಿನದು, ಮನೆ ಹೆಣ್ಣಿನದು, ಮೀನಖಂಡ ಮಾತ್ರ ಯಜಮಾನನದು ಎಂದು ನಾನು ಊಟದ ಹೊತ್ತಿಗೆ ಗಟ್ಟಿಯಾಗಿಯೇ ಹೇಳಿದೆ. ಅಣ್ಣ ಸಾರು ಬಡಿಸಲು ಹೇಳಿದ.

ಪಂದ್ಯದ ದಿನ ಮೈದಾನದ ಕೂಗು ನಮ್ಮ ಜಗಲಿಗೆ ಕೇಳುತ್ತಿತ್ತು. ಜಲಜ ಅಕ್ಕಿ ಗೇರುತ್ತಿದ್ದಳು. ಅಲ್ಲಿ ಸೀಟಿ ಊದಿದಾಗಲೆಲ್ಲ ಇಲ್ಲಿ ಗೆರಸೆ ನಿಲ್ಲುತ್ತಿತ್ತು. ಕೂಗು ಏರಿ, ಇಳಿದು, ಚಪ್ಪಾಳೆಯಾಗುವವರೆಗೆ ಅವಳ ಕೈ ಮೇಲೆಯೇ ಇರುತ್ತಿತ್ತು. ಗೆದ್ದವಳು ಯಾರೆಂದು ಅವಳು ಕೇಳಲಿಲ್ಲ.

ನೋವೇನೋ ತಾನಾಗಿ ಕಡಿಮೆಯಾಯಿತು. ಆದರೆ ಹರಿದ ಮಾಂಸ ಹೇಗೆಂದರೆ ಹಾಗೆ ಕೂಡಿಕೊಂಡು ಬಿಗಿದು ಕುಳಿತಿತು. ಬೆಳಿಗ್ಗೆ ಎದ್ದರೆ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಜಿಂಕೆಯ ಹಾಗೆ ಇದ್ದ ಹುಡುಗಿ ಹದಿನೆಂಟರಲ್ಲಿ ಕುಂಟತೊಡಗಿದಳು. ಊರಿಗೆ ಗೊತ್ತಾಗಬಾರದೆಂದು ಮಾಡಿದ್ದೆಲ್ಲ ಊರಿಗೆ ಗೊತ್ತಾಗುವಂತೆ ಮಾಡಿತು.

ಆಗ ಬಂತು ನೆಂಟಸ್ತಿಕೆ.

ಮೂಲ್ಕಿ ಕಡೆಯವರು. ಒಳ್ಳೆಯ ಮನೆತನ. ಹುಡುಗನಿಗೆ ಬೊಂಬಾಯಿಯಲ್ಲಿ ಆಫೀಸು ಕೆಲಸ. ಮಾತು ತಂದವರು ಎಲ್ಲ ಹೇಳಿ ಕೊನೆಗೆ, "ಹುಡುಗಿಯ ಕಾಲಿಗೆ ಎಂತದೋ ಉಂಟಂತೆ, ಹೌದಾ?" ಎಂದು ಕೇಳಿ ಎದ್ದುಹೋದರು.

ಅಣ್ಣ ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಲಿಲ್ಲ. ಅದೇ ಪರಿಚಯದವರ ಕಾರು ತರಿಸಿದ. ತಾನೇ ಆಸ್ಪತ್ರೆಗೆ ಹೋದ. ಬರುವಾಗ ಮುಂದಿನ ಸೀಟಿನಲ್ಲಿ ಅಣ್ಣ, ಹಿಂದಿನ ಸೀಟಿನಲ್ಲಿ ಸೆರಾಫಿನ್ ಬಾಯಿ, ಅವಳ ಮಡಿಲಲ್ಲಿ ಬ್ಯಾಟರಿ ಪೆಟ್ಟಿಗೆ.

"ನೆರೆಯವರು ನೋಡುವುದಿಲ್ಲವಾ ಅಣ್ಣ?" ಎಂದು ಕೇಳಿದೆ. ನನ್ನ ಬಾಯಿ ತಡೆಯಲಿಲ್ಲ.

"ನೋಡ್ಲಿ. ಇದು ಮದುವೆ ವಿಷಯ," ಎಂದ.

ಅರ್ಥವಾಯಿತೇ ನಿಮಗೆ? ಓಟಕ್ಕಾಗಿ ಯಾರೂ ಮುಟ್ಟಬಾರದಿದ್ದ ಕಾಲನ್ನು ಮದುವೆಗಾಗಿ ಯಾರು ಬೇಕಾದರೂ ಮುಟ್ಟಬಹುದು. ಸೆರಾಫಿನ್ ಬಾಯಿ ಬದಲು ಗಂಡಸು ಡಾಕ್ಟರೇ ಬಂದಿದ್ದರೂ ಅಣ್ಣ ಕುರ್ಚಿ ಹಾಕಿ ಕೊಡುತ್ತಿದ್ದ.

ಚಿಕಿತ್ಸೆ ಜೋರಾಗಿ ನಡೆಯಿತು. ಬಿಸಿನೀರಿನ ಬಕೆಟಿನಲ್ಲಿ ಕಾಲು. ಆಮೇಲೆ ಸೆರಾಫಿನ್‌ಳ ಹೆಬ್ಬೆರಳು. ಬಿಗಿದ ಗಂಟಿನ ಸುತ್ತ ಮೆಲ್ಲಮೆಲ್ಲಗೆ ಒತ್ತಿ ಬಿಡಿಸುವಾಗ ಜಲಜಳ ಹಣೆಯಲ್ಲಿ ಬೆವರು. ಪಾದಕ್ಕೆ ಟವೆಲು ಹಾಕಿ ತನ್ನ ಕಡೆಗೆ ಎಳೆದುಕೊಳ್ಳುವುದು. ಗೋಡೆಗೆ ಕೈ ಕೊಟ್ಟು ಹಿಮ್ಮಡಿ ನೆಲಕ್ಕೆ ಒತ್ತುವುದು. ಬ್ಯಾಟರಿಯ ತಂತಿ ತಾಗಿಸಿದಾಗ ಮೀನಖಂಡ ತಾನಾಗಿ ಕುಣಿಯುತ್ತಿತ್ತು.

"ಬೆಂಗ್ರೆಯವರ ಬಲೆಯಲ್ಲಿ ಬಂಗುಡೆ ಹಾರಿದ ಹಾಗೆ ಉಂಟು ಚಿಕ್ಕಮ್ಮ!" ಜಲಜ ನಕ್ಕಳು. ಎಷ್ಟೋ ವಾರಗಳ ನಂತರದ ನಗು.

ಅವಳು ಸೆರಾಫಿನ್ ಹೇಳಿದ್ದನ್ನೆಲ್ಲ ಮಾಡಿದಳು. ಹೇಳದ್ದನ್ನೂ ಮಾಡಿದಳು. ಒಲೆಯ ಮುಂದೆ ತುದಿಗಾಲು, ಬಾವಿಕಟ್ಟೆಯ ಬಳಿ ತುದಿಗಾಲು. ಅಕ್ಕ ಕಣ್ಣೊರೆಸಿಕೊಂಡು, "ಪಾಪ, ಮದುವೆಗೆ ಎಷ್ಟು ಮನಸ್ಸುಂಟು ನೋಡು," ಎಂದಳು. ಜಲಜ ಮತ್ತು ಸೆರಾಫಿನ್ ಗುಸುಗುಸು ಆಡುತ್ತಿದ್ದುದು ಮದ್ರಾಸಿನ ವಿಷಯ. ಬೊಂಬಾಯಿಯ ಹೆಸರು ಆ ಕೋಣೆಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಸಂಜೀವನೂ ಆಗಾಗ ಬಾಗಿಲಿಗೆ ಬಂದು ನಿಂತು, "ಮುಂದಿನ ವರ್ಷ ನೀನು ನನ್ನನ್ನೂ ಸೋಲಿಸ್ತೀ," ಎನ್ನುತ್ತಿದ್ದ. ಅವನು ಕೆಟ್ಟವನಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ.

ಕಳೆದ ಭಾನುವಾರ ಮೂಲ್ಕಿಯವರು ಬಂದರು. ಹುಡುಗ, ಹುಡುಗನ ತಾಯಿ, ಹುಡುಗನ ಮಾವ. ಜಲಜ ಚಾವಡಿಗೆ ಕಾಫಿ ತಂದಳು. ಹುಡುಗನ ತಾಯಿ ಲೋಟದ ಕಡೆ ನೋಡಲಿಲ್ಲ, ಮುಖದ ಕಡೆಯೂ ನೋಡಲಿಲ್ಲ. ಕಣ್ಣು ಸೀರೆಯ ಅಂಚಿನಲ್ಲೇ ಇತ್ತು.

"ಒಮ್ಮೆ ಆ ಬಾಗಿಲಿನವರೆಗೆ ಹೋಗಿ ಬಾ ಮಗಾ."

ಜಲಜ ಹೋಗಿ ಬಂದಳು.

"ಇನ್ನೊಮ್ಮೆ. ಸ್ವಲ್ಪ ಬೇಗ."

ಹೋಗಿ ಬಂದಳು. ಕುಂಟಲಿಲ್ಲ. ಅಣ್ಣ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಕಾಲಿಗೆ ಎಂತಾಗಿತ್ತು?"

"ಬಚ್ಚಲಲ್ಲಿ ಜಾರಿದ್ದು. ದೊಡ್ಡದೇನಲ್ಲ," ಅಣ್ಣ ಎಂದ.

"ಕಾಲೇಜಿನಲ್ಲಿ ಗಂಡುಮಕ್ಕಳ ಹಾಗೆ ಓಡ್ತಿದ್ದಳಂತೆ? ಸೀರೆ ಎತ್ತಿ ಕಟ್ಟಿ?"

"ಛೆ ಛೆ! ಅದು ಯಾರೋ ಬೇರೆ ಹುಡುಗಿ. ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ. ಅಲ್ಲವಾ ಸಂಜೀವ?"

ಎಲ್ಲರೂ ಸಂಜೀವನನ್ನು ನೋಡಿದರು. ಜಲಜಳೂ ನೋಡಿದಳು. ಕಂಬಳದ ಗದ್ದೆಯಲ್ಲಿ ಸಾವಿರ ಜನರ ಎದುರು ಎದೆಯೆತ್ತಿ ನಿಲ್ಲುವ ಹುಡುಗ ನೆಲ ನೋಡಿದ.

"ಹೌದು," ಎಂದ. "ಬೇರೆ ಹುಡುಗಿ."

ಜಲಜ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಜೋಡಿಸಿ ಮುಗಿಸಿದಳು. ತಟ್ಟೆ ಕೆಳಗಿಟ್ಟಳು.

"ಬೇರೆ ಹುಡುಗಿ ಅಲ್ಲ. ಅದು ನಾನೇ," ಎಂದಳು. "ನಾನೇ ಓಡಿದ್ದು. ಎಲ್ಲರಿಗಿಂತ ಮುಂದೆ ಇದ್ದೆ. ಓಡುವಾಗಲೇ ಕಾಲು ಹರಿದದ್ದು. ಬಚ್ಚಲಲ್ಲಿ ಅಲ್ಲ."

ಅಕ್ಕ ಬಾಗಿಲ ಮರೆಯಲ್ಲಿ ಬಾಯಿಗೆ ಸೆರಗು ಒತ್ತಿದಳು. ಅಣ್ಣನ ಮುಖ ಸುಣ್ಣ. ಹೇಳಿಬಿಟ್ಟಳಲ್ಲ! ಇನ್ನು ಇವರು ಎದ್ದು ಹೋಗುತ್ತಾರೆ, ಹುಡುಗಿ ಬದುಕಿದಳು ಎಂದುಕೊಂಡೆ.

ಹುಡುಗನ ತಾಯಿ ನಕ್ಕುಬಿಟ್ಟರು. ಮಗು ಕನಸು ಹೇಳಿದರೆ ದೊಡ್ಡವರು ನಗುತ್ತಾರಲ್ಲ, ಹಾಗೆ.

"ಇರ್ಲಿ ಬಿಡಿ, ಸತ್ಯ ಹೇಳಿದಳಲ್ಲ! ಹುಡುಗಾಟದ ಪ್ರಾಯ. ಈಗ ಕಾಲು ಸರಿ ಉಂಟು, ನಮಗೆ ಅಷ್ಟು ಸಾಕು. ಬೊಂಬಾಯಿಯ ಎರಡು ಕೋಣೆಯಲ್ಲಿ ಇನ್ನು ಓಡುವುದು ಎಲ್ಲಿಗೆ?"

ಹುಡುಗನೂ ನಕ್ಕ. ಅವನ ಮಾವನೂ ನಕ್ಕರು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ಸಂಬಂಧ ಅಲ್ಲೇ ಕುದುರಿತು. ಜಲಜ ಆಡಿದ್ದು ಅವಳ ಬದುಕಿನ ದೊಡ್ಡ ಮಾತು. ಅದು ಆ ನಗುವಿನಲ್ಲಿ ಕಾಫಿಗೆ ಬಿದ್ದ ಸಕ್ಕರೆಯ ಹಾಗೆ ಕರಗಿಹೋಯಿತು. ಅವಳನ್ನು ಯಾರಾದರೂ ಬೈದಿದ್ದರೂ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸೋಮವಾರ ಸೆರಾಫಿನ್ ಬಾಯಿ ಎಂದಿನಂತೆ ಬಂದಳು. ಅಣ್ಣ ಜಗಲಿಯಲ್ಲೇ ತಡೆದ. ತುಂಬ ಉಪಕಾರವಾಯಿತು, ಹುಡುಗಿ ಚೆನ್ನಾಗಿ ನಡೆಯುತ್ತಾಳೆ, ಇನ್ನು ಬೇಡ ಎಂದ.

"ಇನ್ನು ಬೇಡವಾ? ಅರ್ಧ ಆದದ್ದು ಅಷ್ಟೇ," ಎಂದಳು ಸೆರಾಫಿನ್. "ನಡೆಯುವಷ್ಟು ಆಗಿದೆ. ಇನ್ನು ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಬೇಕು, ಹಾರಬೇಕು, ಮೆಲ್ಲ ಓಡಿ ನೋಡಬೇಕು. ಈಗ ಬಿಟ್ರೆ, ಓಡ್ಲಿಕ್ಕೆ ಹೋದಾಗ ಪುನಃ ಅಲ್ಲೇ ಹರಿತದೆ."

"ಓಡ್ಲಿಕ್ಕೆ ಯಾರು ಹೋಗ್ತಾರೆ?"

ಸೆರಾಫಿನ್ ನನ್ನ ಮುಖ ನೋಡಿದಳು. ನಾನು ಅಣ್ಣನ ಜೊತೆ ಆಡಬೇಕಾದ ಜಗಳವನ್ನು ಹಿಂದಿನ ದಿನವೇ ಆಡಿ ಸೋತಿದ್ದೆ. ಅವಳು ಪೆಟ್ಟಿಗೆ ಎತ್ತಿಕೊಂಡಳು.

"ಹೇಗೂ ಬಂದಿದ್ದೀರಲ್ಲ," ಅಣ್ಣ ಮೃದುವಾಗಿ ಹೇಳಿದ. "ಸಂಜೀವನ ಕಾಲಿಗೆ ಒಂದು ಪಟ್ಟಿ ಬಿಗಿದು ಹೋಗಿ. ನಾಡಿದ್ದು ಕಂಬಳ ಉಂಟು. ಹಳೇ ನೋವು, ಜಾಗ್ರತೆ ಮಾಡುವುದು ಒಳ್ಳೆಯದಲ್ಲವಾ?"

ಸಂಜೀವ ಒಂದು ಗಳಿಗೆ ನಿಂತ. ಬೇಡ ಎನ್ನುತ್ತಾನೆ ಎಂದುಕೊಂಡೆ. ಆಮೇಲೆ ಬೆಂಚಿನ ಮೇಲೆ ಕುಳಿತು ಕಾಲು ಚಾಚಿದ.

ಸೆರಾಫಿನ್ ಅಂಟುಪಟ್ಟಿ ಬಿಡಿಸಿದಳು. ಅವಳಿಗೆ ಇನ್ನೊಂದು ಕೈ ಬೇಕಿತ್ತು. ಒಳಗಿನಿಂದ ಜಲಜ ಬಂದು ಸುರುಳಿಯನ್ನು ಹಿಡಿದು ನಿಂತಳು.

"ಕಾಲಿನ ಬೆರಳು ಕೆಳಗೆ ಮಾಡು ಅಣ್ಣ. ಮಾಂಸ ಸಡಿಲ ಇರಬೇಕು, ಇಲ್ಲದಿದ್ರೆ ಪಟ್ಟಿ ಸರಿ ಕೂರುದಿಲ್ಲ," ಎಂದಳು.

ಸಂಜೀವ ಬೆರಳು ಕೆಳಗೆ ಮಾಡಿದ. ತಲೆ ಎತ್ತಲಿಲ್ಲ.

ಅಣ್ಣ ಈ ಪತ್ರಿಕೆ ಓದುವುದಿಲ್ಲ. ಓದುವವರು ಯಾರಾದರೂ ಅವನ ಅಂಗಡಿಗೆ ಹೋಗಿ ಹೇಳಿದರೂ ನನಗೆ ಅಡ್ಡಿಯಿಲ್ಲ. ಆದರೆ ಓದುಗರಲ್ಲಿ ವೈದ್ಯರಿದ್ದರೆ ದಯವಿಟ್ಟು ತಿಳಿಸಬೇಕು: ಗುಣವಾಗುವುದೆಂದರೆ ಗಂಡಿಗೆ ಗದ್ದೆಯ ಆಚೆ ತುದಿಯವರೆಗೆ, ಹೆಣ್ಣಿಗೆ ಚಾವಡಿಯ ಆಚೆ ಬಾಗಿಲಿನವರೆಗೆ ಎಂದು ನಿಮ್ಮ ಯಾವ ಶಾಸ್ತ್ರದಲ್ಲಿ ಬರೆದಿದೆ?